ಸೋಡಿಯಂ ಏರಿಸುವ ವೇಗ

ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಅದು ಕುಸಿದರೆ ಮಿದುಳಿಗೆ ಎರಡು ಕಡೆಯಿಂದ ಅಪಾಯ: ಕೊರತೆಯದ್ದು ಒಂದು, ಅದನ್ನು ತುಂಬುವ ಅವಸರದ್ದು ಇನ್ನೊಂದು. ವಯಸ್ಸಾದವರಲ್ಲಿ ಈ ಕುಸಿತ ಹೆಚ್ಚು. ಬಿ.ಪಿ.ಗೆ ನುಂಗುವ ಥಯಾಜೈಡ್ ಮಾತ್ರೆ, ಖಿನ್ನತೆ ಮತ್ತು ಫಿಟ್ಸ್‌ನ ಕೆಲವು ಮಾತ್ರೆಗಳು, ವಾಂತಿಭೇದಿ ಇದಕ್ಕೆ ಸಾಮಾನ್ಯ ಕಾರಣ. ಕುಂದಾಪುರದ ಕಡೆ ಸುಸ್ತಾದವರಿಗೆ ಮೊದಲು ಕೊಡುವುದು ಬೊಂಡದ ನೀರು, ಅಂದರೆ ಎಳನೀರು. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಮಾತ್ರ ತೀರ ಕಡಿಮೆ. ವಾಂತಿಭೇದಿಯಾದವರಿಗೆ ಉಪ್ಪು ಹಾಕಿದ ಗಂಜಿತಿಳಿಯೇ ಅದಕ್ಕಿಂತ ಮೇಲು. ಬರೀ ಗ್ಲೂಕೋಸ್ ಡ್ರಿಪ್ ಏರಿಸಿದರಂತೂ ಸೋಡಿಯಂ ಇನ್ನಷ್ಟು ಇಳಿಯುತ್ತದೆ.

ಸೋಡಿಯಂ ಒಮ್ಮೆಲೇ ಇಳಿದಾಗ ಮಿದುಳಿನ ಕೋಶಗಳಿಗೆ ನೀರು ನುಗ್ಗಿ ಬಾವು ಬರುತ್ತದೆ; ಫಿಟ್ಸ್, ಪ್ರಜ್ಞೆ ತಪ್ಪುವುದು, ಸಾವು ಕೂಡ ಸಾಧ್ಯ. ಆಗ 3% ಉಪ್ಪುದ್ರಾವಣವನ್ನು 100–150 ಮಿ.ಲೀ.ನಷ್ಟು ಬೇಗ ಕೊಡಬೇಕು. ಸೋಡಿಯಂ 4ರಿಂದ 6 ಮಿಲಿಮೋಲ್ ಏರಿದರೆ ಪ್ರಾಣಾಪಾಯ ಸಾಮಾನ್ಯವಾಗಿ ತಪ್ಪುತ್ತದೆ. ಎರಡು ದಿನ ದಾಟಿದ ಕೊರತೆಯ ಕಥೆ ಬೇರೆ. ಅಷ್ಟರಲ್ಲಿ ಮಿದುಳಿನ ಕೋಶಗಳು ತಮ್ಮೊಳಗಿನ ಲವಣಾಂಶಗಳನ್ನು ಹೊರಹಾಕಿ ಹೊಂದಿಕೊಂಡಿರುತ್ತವೆ. ಸೋಡಿಯಂ ಥಟ್ಟನೆ ಏರಿದರೆ ನೀರು ಕೋಶಗಳಿಂದ ಹೊರಗೋಡುತ್ತದೆ, ನರತಂತುಗಳ ಮಯಲಿನ್ ಹೊದಿಕೆ ಹಾಳಾಗುತ್ತದೆ. ಆಡಮ್ಸ್, ವಿಕ್ಟರ್, ಮ್ಯಾನ್ಕಾಲ್ ಈ ಹಾನಿಯನ್ನು 1959ರಲ್ಲಿ ವಿವರಿಸಿದರು. ಅದು ವೇಗದ ಚಿಕಿತ್ಸೆಯ ಫಲವೆಂದು ಮನವರಿಕೆಯಾದದ್ದು ಅದೆಷ್ಟೋ ವರ್ಷಗಳ ನಂತರ. ಸೋಡಿಯಂ ಏರಿಕೆ ದಿನಕ್ಕೆ 8–10 ಮಿಲಿಮೋಲ್ ಮೀರಬಾರದೆಂಬ ಕಟ್ಟುಪಾಡು ಬಂದದ್ದು ಹೀಗೆ.

ಈ ಕಟ್ಟುಪಾಡಿನ ಮೇಲೀಗ ಪ್ರಶ್ನೆ ಎದ್ದಿದೆ. 2023ರಲ್ಲಿ ಪ್ರಕಟವಾದ ಟೊರೊಂಟೊ ಅಧ್ಯಯನದಲ್ಲಿ, ಸೋಡಿಯಂ ಕಡಿಮೆಯಿದ್ದ 22 ಸಾವಿರಕ್ಕೂ ಹೆಚ್ಚು ಆಸ್ಪತ್ರೆ ದಾಖಲಾತಿಗಳ ಪೈಕಿ ಮಯಲಿನ್ ಹಾನಿ ಕಂಡದ್ದು 12ರಲ್ಲಿ. ಅವುಗಳಲ್ಲಿ 7ರಲ್ಲಿ ವೇಗದ ಏರಿಕೆಯೇ ಇರಲಿಲ್ಲ. ಇದನ್ನು ಓದಿ ಕಟ್ಟುಪಾಡನ್ನೇ ಬಿಡುವುದು ತಪ್ಪು, ಏಕೆಂದರೆ ಅಲ್ಲಿದ್ದವರಲ್ಲಿ ಬಹುಪಾಲು ಜನರ ಕೊರತೆ ತೀರ ತೀವ್ರವಾದದ್ದಲ್ಲ. ಸೋಡಿಯಂ 105ಕ್ಕೆ ಇಳಿದವರು, ಕುಡಿತದ ಚಟದವರು, ಅಪೌಷ್ಟಿಕತೆಯವರು, ಪೊಟ್ಯಾಸಿಯಂ ಕಡಿಮೆಯಿರುವವರು, ಇವರಿಗೆ ಆ ಮಿತಿ ಈಗಲೂ ಬೇಕು. ಅದೇ ಹೊತ್ತಿಗೆ, ಫಿಟ್ಸ್ ಬಂದವರ ಮುಂದೆ "ನಿಧಾನ" ಎನ್ನುತ್ತ ಕೂರುವುದೂ ಸಲ್ಲ.

ಮಿತಿ ಮೀರುವುದು ಹೆಚ್ಚಾಗಿ ಡ್ರಿಪ್‌ನಿಂದಲ್ಲ, ಮೂತ್ರದಿಂದ. ಥಯಾಜೈಡ್ ನಿಲ್ಲಿಸಿದ ಮೇಲೆ ಮೂತ್ರಪಿಂಡ ತೆಳುವಾದ ಮೂತ್ರವನ್ನು ಗಂಟೆಗೆ 100 ಮಿ.ಲೀ. ಮೀರಿ ಸುರಿಸತೊಡಗಿದರೆ ಸೋಡಿಯಂ ತಾನಾಗಿಯೇ ಜಿಗಿಯುತ್ತದೆ. ಪೊಟ್ಯಾಸಿಯಂ ತುಂಬಿದರೂ ಅದು ಏರುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಹಾಗಾಗಿ ಮೂತ್ರದ ಲೆಕ್ಕವಿಡಬೇಕು, ಕೆಲವು ಗಂಟೆಗಳಿಗೊಮ್ಮೆ ರಕ್ತ ಪರೀಕ್ಷಿಸಬೇಕು. ರಾತ್ರಿ ಲ್ಯಾಬ್ ಇಲ್ಲದ ಕಡೆ ಈ ಚಿಕಿತ್ಸೆ ಕುರುಡಾಗುತ್ತದೆ. ಬೈಂದೂರಿನಿಂದ ಮಣಿಪಾಲದ ಆಸ್ಪತ್ರೆಗೆ ಸುಮಾರು 70 ಕಿ.ಮೀ.; ರೋಗಿಯನ್ನು ಅಲ್ಲಿಗೆ ಕಳಿಸುವಾಗ ಸೋಡಿಯಂ ಎಷ್ಟಿತ್ತು, ಯಾವ ಹೊತ್ತಿಗೆ, ಯಾವ ದ್ರಾವಣ ಎಷ್ಟು ಹೋಗಿದೆ ಎಂದು ಚೀಟಿಯಲ್ಲಿ ಬರೆಯದಿದ್ದರೆ ಮುಂದಿನ ವೈದ್ಯರಿಗೆ ಮಿತಿಯ ಲೆಕ್ಕವೇ ಸಿಗುವುದಿಲ್ಲ. ಮಿತಿ ಮೀರಿದ್ದು ಗೊತ್ತಾದ ಕೂಡಲೇ ಮೂತ್ರ ತಗ್ಗಿಸುವ ಡೆಸ್ಮೋಪ್ರೆಸಿನ್ ಮತ್ತು 5% ಡೆಕ್ಸ್ಟ್ರೋಸ್ ಕೊಟ್ಟು ಸೋಡಿಯಮನ್ನು ಮರಳಿ ಇಳಿಸಬಹುದು.

ಮಯಲಿನ್ ಹಾನಿ ತಕ್ಷಣ ತಿಳಿಯುವುದಿಲ್ಲ. ಚೇತರಿಸಿಕೊಂಡ ರೋಗಿಗೆ ಕೆಲವು ದಿನಗಳ ನಂತರ ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೈಕಾಲು ಸೋಲುತ್ತವೆ. ಮೊದಲ ಎಂ.ಆರ್.ಐ. ಸರಿಯಾಗಿ ಕಂಡರೂ ಎರಡು ವಾರ ಬಿಟ್ಟು ಮತ್ತೊಮ್ಮೆ ತೆಗೆಸಬೇಕಾಗಬಹುದು. ಹಾನಿಯನ್ನು ಸರಿಪಡಿಸುವ ನಿರ್ದಿಷ್ಟ ಔಷಧಿ ಇಲ್ಲ. ಉಸಿರಾಟಕ್ಕೆ ನೆರವು, ಮೂಗಿನ ನಳಿಕೆಯಲ್ಲಿ ಆಹಾರ, ಫಿಸಿಯೋಥೆರಪಿ, ಮಾತಿನ ತರಬೇತಿ ಇಷ್ಟೇ. ಆದರೂ ಮಲಗಿದ್ದಲ್ಲಿಂದ ಎದ್ದು ಓಡಾಡುವಷ್ಟು ಸುಧಾರಿಸಿದವರಿದ್ದಾರೆ. ಅದಕ್ಕೆ ತಿಂಗಳುಗಳೇ ಹಿಡಿಯುವುದರಿಂದ, ಮೊದಲ ವಾರಗಳಲ್ಲೇ "ಇನ್ನೇನೂ ಮಾಡಲಾಗದು" ಎಂದು ಚಿಕಿತ್ಸೆ ಕೈಬಿಡುವುದಕ್ಕೆ ಆಧಾರವಿಲ್ಲ.