ಸೀಸೆಯೊಳಗಿನ ಕಪ್ಪೆಗೆ ಮಳೆಗಾಲ ಗೊತ್ತೇ?

ಮೇಣದ ತಟ್ಟೆಯ ಮೇಲೆ ಗುಂಡುಸೂಜಿ ಚುಚ್ಚಿ ಮಲಗಿಸಿದ ಕಪ್ಪೆ ಬೈಲಹೊಂಗಲ, ರಾಮದುರ್ಗದ ಕಡೆ ಬಿ.ಎಸ್ಸಿ ಓದಿದ ಹಳಬರಿಗೆ ಗೊತ್ತು. 2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಆ ಕೊಯ್ಯುವ ಪಾಠವನ್ನು ನಿಲ್ಲಿಸಿತು. ಸಂಶೋಧನೆಗೂ ಇನ್ನು ಕಪ್ಪೆ ಬೇಡ, ಅದರ ಸೆಲ್ ಲೈನ್, ಅಂದರೆ ಸೀಸೆಯಲ್ಲಿ ಸಾಕಿ ಬೆಳೆಸುತ್ತ ಹೋಗುವ ಕೋಶಗಳ ಪೀಳಿಗೆ, ಸಾಕು ಎನ್ನುವವರಿದ್ದಾರೆ. ಅರ್ಧ ಒಪ್ಪಬಹುದಾದ ಮಾತು.

ಅಸಲಿಗೆ ಕೋಶ ಸಾಕುವ ವಿದ್ಯೆ ಶುರುವಾದದ್ದೇ ಕಪ್ಪೆಯಿಂದ. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರದ ತುಣುಕನ್ನು ದುಗ್ಧರಸದ ಹನಿಯಲ್ಲಿಟ್ಟು, ನರತಂತು ಚಾಚಿಕೊಳ್ಳುವುದನ್ನು ಕಣ್ಣಾರೆ ಕಂಡರು. ಆಮೇಲೆ ಇಲಿಯ, ಮನುಷ್ಯರ ಕೋಶಗಳು ಮುಂದೆ ಹೋದವು. ಕಪ್ಪೆಯ ಪಾಲಿಗೆ ಹೆಸರು ಮಾಡಿದ್ದು ಎ6 ಎಂಬ ಸೆಲ್ ಲೈನ್. ಆಫ್ರಿಕಾದ ಕ್ಸೆನೋಪಸ್‌ ಕಪ್ಪೆಯ ಮೂತ್ರಪಿಂಡದಿಂದ 1960ರ ದಶಕದಲ್ಲಿ ತೆಗೆದದ್ದು.

ಎ6 ಸೊಗಸಾದ ಕೆಲಸ. 37 ಡಿಗ್ರಿಯ ಬಿಸಿ ಅದಕ್ಕೆ ಬೇಡ, 25–28 ಸಾಕು. ಕಪ್ಪೆಯ ರಕ್ತದಲ್ಲಿ ಉಪ್ಪು ಕಡಿಮೆಯಾದ್ದರಿಂದ ಪೋಷಕ ದ್ರವಕ್ಕೆ ನೀರು ಬೆರೆಸುತ್ತಾರೆ. ಸೀಸೆಯ ತಳದಲ್ಲಿ ಒತ್ತಾಗಿ ಹರಡಿದ ಕೋಶಗಳು ಮೇಲಿನ ಸೋಡಿಯಂ ಎಳೆದು ಕೆಳಗೆ ದೂಡುತ್ತವೆ, ನೀರೂ ಹಿಂದೆಯೇ ಇಳಿಯುತ್ತದೆ. ಹೊರಹೋಗಲು ದಾರಿಯಿಲ್ಲದೆ ಪದರ ಅಲ್ಲಲ್ಲಿ ಗುಳ್ಳೆಯೇಳುತ್ತದೆ. ಮೂತ್ರಪಿಂಡ ಉಪ್ಪು ಉಳಿಸಿಕೊಳ್ಳುವ ಬಗೆ ತಿಳಿಯಲು ಈ ಗುಳ್ಳೆಗಳಿಂದ ಬಹಳ ನೆರವಾಯಿತು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ ಮತ್ತು ಸಂಗಡಿಗರು ಹಿಡಿದ ಪ್ರಶ್ನೆಗಳೇ ಬೇರೆ. ರಾನಾ ಟೈಗ್ರಿನಾ ಎಂದು ಆಗ ಕರೆಯುತ್ತಿದ್ದ ನಮ್ಮ ದೊಡ್ಡ ಕಪ್ಪೆಯಲ್ಲಿ ಮೇವು, ಹೊಟ್ಟೆಯೊಳಗಿನ ಕೊಬ್ಬು, ಅಂಡಾಶಯದ ಋತುಚಕ್ರ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ಅವರು ನೋಡಿದರು. ಬೇಸಗೆಯೆಲ್ಲ ಮಣ್ಣಿನಡಿ ಕೂತು ಮಳೆಗೆ ಎದ್ದು ಬರುವ ಪ್ರಾಣಿ ಅದು. ಎ6 ಈ ವಿಷಯದಲ್ಲಿ ಮೂಕ. ಬಹುತೇಕ ನೀರಲ್ಲೇ ಇರುವ, ವರ್ಣತಂತುಗಳು ಇಮ್ಮಡಿಯಾದ ಜಾತಿಯ ಒಂದು ಅಂಗದ ಕೋಶವನ್ನು ಕಪ್ಪೆಕುಲಕ್ಕೆಲ್ಲ ಸಾಕ್ಷಿ ಮಾಡುವುದು ನನಗಂತೂ ಸರಿಬರುವುದಿಲ್ಲ.

ಹಾಗೆಂದು ಸೀಸೆಯ ಕೋಶಗಳನ್ನು ಬಿಡುವಂತೆಯೂ ಇಲ್ಲ. ಸವದತ್ತಿ, ಕಿತ್ತೂರಿನ ಹತ್ತಿ, ಕಬ್ಬಿಗೆ ಹೊಡೆದ ‘ಎಣ್ಣಿ’ (ಕೀಟನಾಶಕ) ಹಳ್ಳಕ್ಕಿಳಿದರೆ ಏನಾದೀತೆಂದು ಮೊದಲ ಜರಡಿ ಹಿಡಿಯಲು ಗೊದಮೊಟ್ಟೆಗಳನ್ನು ರಾಶಿರಾಶಿ ಕೊಲ್ಲುವುದಕ್ಕಿಂತ ಕೋಶಗಳೇ ಮೇಲು. ಅವು ನಮ್ಮ ಕಪ್ಪೆಯವಾಗಿರಬೇಕು, ಅಷ್ಟೇ. ಯಾವ ಹಳ್ಳದ್ದು, ಯಾವ ತಿಂಗಳದ್ದು, ಗಂಡೋ ಹೆಣ್ಣೋ ಎಂದು ಸೀಸೆಯ ಮೇಲೆ ಬರೆದಿರಬೇಕು. ಒಡೆದೊಡೆದು ಬೆಳೆದ ಕೋಶಗಳ ವರ್ಣತಂತು ಏರುಪೇರಾಗುವುದುಂಟು, ಆಗಾಗ ಎಣಿಸಬೇಕು. ಅಹಿಂಸೆಯ ಜಂಬವನ್ನೂ ತುಸು ಇಳಿಸಬೇಕು: ಈ ಕೋಶಗಳಿಗೆ ಸಾಮಾನ್ಯವಾಗಿ ಉಣಿಸುವುದು ಹುಟ್ಟದ ಕರುವಿನ ರಕ್ತದ ಸೀರಮ್.