ತಿರುವಾರೂರಿಗೆ ಸಂಜೆ ಹೊತ್ತಿಗೆ ಹೋಗಬೇಕು

ಕಾವೇರಿ ಕಡಲು ಸೇರುವ ಬಯಲಿನ ಜನ ತಮ್ಮ ಊರುಗಳಿಗೆ ಒಂದೊಂದು ಚೆಂದವನ್ನು ಹಂಚಿಬಿಟ್ಟಿದ್ದಾರೆ. ಮನ್ನಾರ್‌ಗುಡಿಗೆ ಪ್ರಾಕಾರದ ಗೋಡೆ, ವೇದಾರಣ್ಯಕ್ಕೆ ದೀಪ, ತಿರುವಿಡೈಮರುದೂರಿಗೆ ಬೀದಿ, ತಿರುವಾರೂರಿಗೆ ತೇರು. ಈ ಹಳೆಯ ಮಾತಿನಲ್ಲಿ ಮೂಲವಿಗ್ರಹದ ಸುದ್ದಿಯೇ ಇಲ್ಲ, ಗೋಪುರದ ಎತ್ತರದ ಲೆಕ್ಕವೂ ಇಲ್ಲ. ತಮಿಳರ ದೇವಸ್ಥಾನದ ಊರನ್ನು ಸವಿಯಲು ಹೊರಟ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗಲಿಕ್ಕಿಲ್ಲ. ಅಲ್ಲಿ ಗುಡಿ ಗೋಡೆಗೆ ಮುಗಿಯುವುದಿಲ್ಲ. ಕೊಳಕ್ಕೆ, ಬೀದಿಗೆ, ತೇರಿನ ಕೊಟ್ಟಿಗೆಗೆ, ನಾಗಸ್ವರದವರ ಮನೆಯವರೆಗೂ ಹಬ್ಬಿರುತ್ತದೆ.

ನಮ್ಮ ಕಡೆಯಿಂದ ಹೋಗುವವರ ರೂಢಿ ಬೇರೆ. ಟೆಂಪೋ ಟ್ರಾವೆಲರ್ ಮಾಡಿಕೊಂಡು ಕುಂಭಕೋಣದ ಸುತ್ತಲಿನ ನವಗ್ರಹ ಸ್ಥಳಗಳನ್ನು ಒಂದೂವರೆ ದಿನದಲ್ಲಿ ಮುಗಿಸಿ, ವಾಪಸು ಬರುವಾಗ ಯಾವ ಗೋಪುರ ಯಾವ ಊರಿನದೆಂದು ಫೋಟೋ ನೋಡಿ ಜಗಳವಾಡುವುದು. ತಿರುವಾರೂರು ಆ ಒಂಬತ್ತರ ಪಟ್ಟಿಯಲ್ಲಿಲ್ಲ. ಹಾಗಾಗಿ ಬಹಳಷ್ಟು ಗಾಡಿಗಳು ಅದನ್ನು ಬೈಪಾಸಿನಲ್ಲೇ ದಾಟಿಬಿಡುತ್ತವೆ. ಒಂದು ಲೆಕ್ಕಕ್ಕೆ ಊರಿನ ಅದೃಷ್ಟ. ಮೈಸೂರಿನಿಂದ ಬೆಂಗಳೂರು ಹಾಯ್ದು ಮಯಿಲಾಡುತುರೈ ಕಡೆಗೆ ಹೋಗುವ ರಾತ್ರಿ ರೈಲು ಹಿಡಿದು ತಂಜಾವೂರಿನಲ್ಲಿ ಇಳಿದರೆ, ಅಲ್ಲಿಂದ ನಾಗಪಟ್ಟಣದ ದಾರಿಯಲ್ಲಿ ಗದ್ದೆಗಳ ನಡುವೆ ಬಸ್ಸಿನಲ್ಲಿ ಒಂದೂವರೆ ಎರಡು ಗಂಟೆ ಪಯಣ.

ಬೆಳಿಗ್ಗೆ ತಲುಪಿದವರು ಗುಡಿಗೆ ಓಡಬೇಕಾಗಿಲ್ಲ. ಮಧ್ಯಾಹ್ನ ಹೇಗೂ ಬಾಗಿಲು ಹಾಕುತ್ತಾರೆ, ಮತ್ತೆ ತೆಗೆಯುವುದು ನಾಲ್ಕರ ಸುಮಾರಿಗೆ. ಮೆಸ್ಸಿನಲ್ಲಿ ಎಲೆ ಊಟ ಮುಗಿಸಿ ಒಂದು ನಿದ್ದೆ ತೆಗೆದು ಎದ್ದರೆ ಊರೂ ಆಗಷ್ಟೇ ಏಳುತ್ತಿರುತ್ತದೆ. ನೋಡುವ ಕೆಲಸ ಶುರುವಾಗಬೇಕಾದ್ದು ಆಗ, ಅದೂ ಹೊರಗಿನಿಂದ.

ಮೊದಲು ಅಳತೆ ಕಣ್ಣಿಗೆ ಬರಲಿ. ಗುಡಿ ಐದು ವೇಲಿ, ಕೊಳ ಐದು ವೇಲಿ, ಹೂವಿನ ತೊರೆ ಐದು ವೇಲಿ ಎಂದು ಊರಿನವರು ಲೆಕ್ಕ ಹೇಳುತ್ತಾರೆ. ವೇಲಿಯೆಂದರೆ ಆರೂಮುಕ್ಕಾಲು ಎಕರೆಯ ಆಸುಪಾಸು. ಅಲ್ಲಿಗೆ ಕೊಳವೊಂದೇ ಮೂವತ್ತು ಎಕರೆ ಮೀರಿತು. ಹೆಸರು ಕಮಲಾಲಯಂ, ಇರುವುದು ಗುಡಿಯ ಪಶ್ಚಿಮಕ್ಕೆ, ನಟ್ಟನಡುವೆ ದ್ವೀಪದ ಮೇಲೊಂದು ಪುಟ್ಟ ನಾಗನಾಥನ ಗುಡಿ. ಅಲ್ಲಿಗೆ ದೋಣಿಯಲ್ಲೇ ಹೋಗಬೇಕು. ಕೊಳದ ಮೆಟ್ಟಿಲ ಮೇಲೆ ಕೂತು ಪಶ್ಚಿಮ ಗೋಪುರ ನೋಡಿದರೆ ನೀರಿಗೂ ಕಲ್ಲಿಗೂ ಸರಿಪಾಲು ಎಂಬ ಆ ಹಳೆಯ ಲೆಕ್ಕ ಬಾಯಿಮಾತಿನದಲ್ಲವೆಂದು ಗೊತ್ತಾಗುತ್ತದೆ.

ಈ ಕೊಳದ ಕಥೆ ಕನ್ನಡ ಓದಿದವರಿಗೆ ಪರಕೀಯವಲ್ಲ. ಹರಿಹರನ ‘ನಂಬಿಯಣ್ಣನ ರಗಳೆ’ಯ ನಂಬಿಯೇ ಇಲ್ಲಿಯ ಸುಂದರಮೂರ್ತಿ ನಾಯನಾರ್, ಅವನು ಮನಸೋತ ಪರವೆ ಈ ಊರಿನವಳು. ವೃದ್ಧಾಚಲದಲ್ಲಿ ಹೊಳೆಗೆ ಹಾಕಿದ ಹೊನ್ನನ್ನು ಅವನು ಕಮಲಾಲಯದಲ್ಲಿ ಮುಳುಗಿ ಎತ್ತಿಕೊಂಡನೆಂಬುದು ತಮಿಳು ಪುರಾಣ. ಇನ್ನೂ ಸೊಗಸಾದದ್ದು ಮುಂದಿದೆ. ತಿರುವೊಟ್ರಿಯೂರಿನಲ್ಲಿ ಸಂಕಿಲೆಯನ್ನೂ ಮದುವೆಯಾಗಿ ಬಂದ ನಂಬಿಗೆ ಪರವೆ ಬಾಗಿಲು ತೆಗೆಯದೆ ಹೋದಾಗ, ರಾಜಿಗೆಂದು ಶಿವನೇ ನಡುರಾತ್ರಿ ಅವಳ ಮನೆಗೆ ನಡೆದನಂತೆ. ಒಮ್ಮೆ ಹೋಗಿ ಬರಿಗೈಲಿ ಬಂದು, ಮತ್ತೊಮ್ಮೆ ಹೋದನಂತೆ. ತಿರುವಾರೂರಿನ ಬೀದಿಯಲ್ಲಿ ನಡೆಯುವಾಗ ಈ ಕಥೆ ತಲೆಯಲ್ಲಿದ್ದರೆ ಹಾರ್ಡ್‌ವೇರ್ ಅಂಗಡಿ, ಮೊಬೈಲ್ ಅಂಗಡಿಗಳ ನಡುವೆಯೂ ನಡಿಗೆಗೆ ಬೇರೆಯೇ ಗತ್ತು ಬರುತ್ತದೆ.

ಆ ಬೀದಿಗಳು ಅಷ್ಟು ಅಗಲ ಇರುವುದು ತೇರಿಗಾಗಿ. ಗುಡಿಯ ಸುತ್ತ ನಾಲ್ಕು ರಥಬೀದಿ. ಅಲಂಕಾರ ಮುಗಿಸಿ ನಿಂತಾಗ ತೇರಿನ ಎತ್ತರ 96 ಅಡಿ, ತೂಕ 300 ಟನ್ ಎನ್ನುತ್ತಾರೆ. ‘ಆಳಿ ತೇರ್’ ಎಂದು ಹೆಸರು. ಹಬ್ಬವಿಲ್ಲದ ದಿನ ಹೋದವರಿಗೆ ಕಾಣುವುದು ಬುಡದ ಮರದ ಭಾಗ ಮಾತ್ರ. ಮೇಲಿನ ಬಿದಿರು, ಬಟ್ಟೆ, ಮುಂದಿನ ಮರದ ಕುದುರೆಗಳು ಉತ್ಸವ ಬಂದಾಗ ಏರುತ್ತವೆ. ನಿರಾಸೆ ಬೇಡ. ಕೆತ್ತನೆ ಇರುವುದೆಲ್ಲ ಆ ಬುಡದಲ್ಲೇ, ಅಂತಸ್ತಿನ ಮೇಲೆ ಅಂತಸ್ತಾಗಿ. ತೇರು ಹೊರಟ ದಿನ ಅದನ್ನು ಹತ್ತಿರ ನಿಂತು ನೋಡಲು ಪೊಲೀಸರು ಬಿಡುವುದಿಲ್ಲ.

ಹಳೆಯ ತೇರು 1920ರ ದಶಕದಲ್ಲಿ ಬೆಂಕಿಗೆ ಹೋಯಿತು. ಹೊಸದು ಕೆಲಕಾಲ ಓಡಿ ನಿಂತುಹೋಗಿ, ಮತ್ತೆ ಬೀದಿಗಿಳಿದದ್ದು 1970ರಲ್ಲಿ. ದೇವರನ್ನು ನಂಬದ ಎಂ. ಕರುಣಾನಿಧಿ ಆಗ ಮುಖ್ಯಮಂತ್ರಿ. ಅವರು ಓದಿ ಬೆಳೆದ ಊರು ಇದೇ. ತಿರುಚ್ಚಿಯ ಬಿಎಚ್‌ಇಎಲ್ ಕಾರ್ಖಾನೆಯ ನೆರವಿನಿಂದ ಕಬ್ಬಿಣದ ಗಾಲಿಯೂ ಹೈಡ್ರಾಲಿಕ್ ಬ್ರೇಕೂ ಬಂದವು. ಬ್ರೇಕಿದ್ದರೂ ತಿರುವಿನಲ್ಲಿ ತೇರಿಗೆ ದಾರಿ ತೋರಿಸುವುದು ಗಾಲಿಯಡಿಗೆ ಹಾಕುವ ಮರದ ತುಂಡುಗಳೇ. ಅದಕ್ಕೆ ಅವರು ಮುಟ್ಟುಕಟ್ಟೈ ಎನ್ನುತ್ತಾರೆ. ಉರುಳುತ್ತಿರುವ ಗಾಲಿಯ ಮುಂದೆ ಬಗ್ಗಿ ಓರೆಯಾಗಿ ತುಂಡು ಕೊಟ್ಟು ಕೈ ಹಿಂತೆಗೆಯುವ ಆ ಕ್ಷಣವನ್ನು ನೋಡಲು ಕಲಿತವರು ಹೂವಿನಲಂಕಾರ ನೋಡುತ್ತ ನಿಲ್ಲುವುದಿಲ್ಲ. ಈಚೆಗೆ ಹಿಂದಿನಿಂದ ಬುಲ್ಡೋಜರ್ ತಳ್ಳುವುದೂ ಇದೆ. ಅದನ್ನು ಕಂಡು ಮುಖ ಸಿಂಡರಿಸುವ ರಸಿಕರು, ಹಗ್ಗ ಹಿಡಿದು ಮುನ್ನೂರು ಟನ್ ಎಳೆಯುವವರ ರಟ್ಟೆಯನ್ನೂ ಸ್ವಲ್ಪ ಯೋಚಿಸಬಹುದು.

ಇನ್ನು ಒಳಗೆ. ಇಲ್ಲಿ ದೇವರು ಇಬ್ಬರು. ಹಳೆಯವನು ಹುತ್ತದ ವಲ್ಮೀಕನಾಥ. ಪಕ್ಕದ ಗರ್ಭಗುಡಿಯ ತ್ಯಾಗರಾಜಸ್ವಾಮಿ ಆಮೇಲೆ ಬಂದು ಊರನ್ನೇ ತನ್ನದು ಮಾಡಿಕೊಂಡವನು. ತ್ಯಾಗರಾಜನೆಂದರೆ ಶಿವ, ಪಾರ್ವತಿ, ನಡುವೆ ಮಗು ಸ್ಕಂದ ಕೂತ ಸೋಮಾಸ್ಕಂದ ಮೂರ್ತಿ. ಆದರೆ ಕಾಣುವುದು ಮುಖ ಮಾತ್ರ. ಮೈಯೆಲ್ಲ ವಸ್ತ್ರ, ಹೂವುಗಳಲ್ಲಿ ಮುಚ್ಚಿರುತ್ತದೆ. ಪಾದ ಕಾಣುವುದು ವರ್ಷಕ್ಕೆ ಎರಡೇ ಸಲ: ಮಾರ್ಗಳಿಯ ತಿರುವಾದಿರೈಗೆ ಒಂದು ಪಾದ, ಪಂಗುನಿ ಉತ್ತರಕ್ಕೆ ಇನ್ನೊಂದು. ಉಳಿದದ್ದು ರಹಸ್ಯ. ನೋಡಲೆಂದೇ ಬಂದವರಿಗೆ ಇದು ಸ್ವಲ್ಪ ಕಸಿವಿಸಿಯ ಸಂಗತಿ. ಎದುರಿನ ನಂದಿಯನ್ನು ನೋಡಿದರೆ ಸುಳಿವು ಸಿಗುತ್ತದೆ. ಎಲ್ಲ ಕಡೆಯಂತೆ ಅದು ಮಲಗಿಲ್ಲ, ಎದ್ದು ನಿಂತಿದೆ. ಒಡೆಯ ಯಾವಾಗ ಹೊರಟಾನೋ ಎಂಬ ಹಾಗೆ. ಯಾಕೆಂದರೆ ಈ ಶಿವ ಹೊರಟರೆ ನಡೆಯುವುದಿಲ್ಲ, ಕುಣಿಯುತ್ತಾನೆ. ಹೊತ್ತವರು ಅಡ್ಡಕ್ಕೆ, ಹಿಂದಕ್ಕೆ, ಮುಂದಕ್ಕೆ ತೂಗಿ ತೂಗಿ ಕೊಂಡೊಯ್ಯುತ್ತಾರೆ. ಒಮ್ಮೆ ವಿಷ್ಣು ತನ್ನ ಎದೆಯ ಮೇಲೆ ಇಟ್ಟುಕೊಂಡಿದ್ದಾಗ ಅವನ ಉಸಿರಿನ ಏರಿಳಿತಕ್ಕೆ ಕುಣಿದದ್ದೇ ಇದಂತೆ. ಅಜಪಾ ನಾಟ್ಯವೆಂದು ಹೆಸರು.

ಸಂಜೆ ಆರರ ಪೂಜೆ, ಸಾಯರಕ್ಷೈ, ಈ ಊರಿನ ದಿನದ ಶಿಖರ. ಆ ಹೊತ್ತಿಗೆ ದೇವತೆಗಳೇ ಬರುತ್ತಾರೆಂಬ ನಂಬಿಕೆ. ಪಚ್ಚೆಯ ಪುಟ್ಟ ಲಿಂಗಕ್ಕೆ ಅಭಿಷೇಕವಾಗುತ್ತದೆ. ಪಂಚಮುಖವಾದ್ಯ ಕೇಳುವ ಅವಕಾಶವಿದ್ದರೆ ಬಿಡಬಾರದು. ಕಂಚಿನ ದೊಡ್ಡ ಕೊಡಕ್ಕೆ ಐದು ಬಾಯಿ, ನಡುವಿನದು ದೊಡ್ಡದು, ಎಲ್ಲಕ್ಕೂ ಚರ್ಮ. ಒಂದೊಂದು ಬಾಯಿ ಶಿವನ ಒಂದೊಂದು ಮುಖ. ಕಚೇರಿಯ ಮೃದಂಗಕ್ಕೆ ಒಗ್ಗಿದ ಕಿವಿಗೆ ಇದರ ನಾದ ಮೊದಲಿಗೆ ಒರಟು ಅನ್ನಿಸುತ್ತದೆ. ಕಲ್ಲಿನ ಮಂಟಪದಲ್ಲಿ ಕೇಳಿದಾಗ ಲೆಕ್ಕ ಬೇರೆ. ಹಿಂದೆ ಈ ಪೂಜೆಗೆ ನೃತ್ಯವೂ ಇತ್ತು. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1947ರ ಮದ್ರಾಸ್ ಕಾಯ್ದೆಯ ನಂತರ ಅದು ಮುಗಿಯಿತು. ಕಾಯ್ದೆ ಬೇಕಿತ್ತು, ಅದರ ಜೊತೆ ಒಂದು ಕಲೆಯ ಮನೆಯೂ ಖಾಲಿಯಾಯಿತು ಎಂಬುದೂ ನಿಜ.

ನಾಗಸ್ವರದ ಬಗ್ಗೆ ಒಂದೇ ಸಲಹೆ. ಉತ್ಸವಮೂರ್ತಿ ಹೊರಡುವಾಗ ಗಂಭೀರನಾಟದಲ್ಲಿ ಮೊಳಗುವುದು ಮಲ್ಲಾರಿ. ಅದಕ್ಕೆ ಸಾಹಿತ್ಯವಿಲ್ಲ, ಹಾಗಾಗಿ ಭಾಷೆಯ ಅಡ್ಡಿಯೂ ಇಲ್ಲ. ತೇರಿಗೊಂದು, ನೈವೇದ್ಯಕ್ಕೊಂದು, ಅಭಿಷೇಕದ ನೀರು ತರುವುದಕ್ಕೊಂದು ಮಲ್ಲಾರಿ ಉಂಟು. ಪಳಗಿದ ಊರವರು ಮನೆಯೊಳಗೆ ಕೂತೇ ಈಗ ಗುಡಿಯಲ್ಲಿ ಏನು ನಡೆಯುತ್ತಿದೆ ಎಂದು ಹೇಳಬಲ್ಲರು.

ಸಂಗೀತದ ಮಾತು ಬಂದ ಮೇಲೆ ತ್ರಿಮೂರ್ತಿಗಳನ್ನು ಬಿಡುವಂತಿಲ್ಲ. ಶ್ಯಾಮಾಶಾಸ್ತ್ರಿ, ತ್ಯಾಗರಾಜ, ಮುತ್ತುಸ್ವಾಮಿ ದೀಕ್ಷಿತ, ಮೂವರೂ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದ್ದು ಈ ಒಂದೇ ಊರಿನಲ್ಲಿ. ಆದರೆ ತ್ಯಾಗರಾಜರನ್ನು ಹುಡುಕಬೇಕಾದ್ದು ತಿರುವೈಯಾರಿನಲ್ಲಿ, ಶಾಸ್ತ್ರಿಗಳನ್ನು ತಂಜಾವೂರಿನ ಬಂಗಾರು ಕಾಮಾಕ್ಷಿಯ ಬಳಿ. ತಿರುವಾರೂರಿನ ಗುಡಿಗೆ ಕೈಪಿಡಿಯನ್ನೇ ಬರೆದಿಟ್ಟವರು ದೀಕ್ಷಿತರು. ಪ್ರಾಕಾರದಲ್ಲಿ ಎಡವಿದಲ್ಲೆಲ್ಲ ಅವರ ಕೃತಿ. ಗುಡಿಯ ಐದು ಲಿಂಗಗಳ ಮೇಲಿನ ಪಂಚಲಿಂಗ ಕೃತಿಗಳನ್ನೇ ನೋಡಿ: ಅಚಲೇಶ್ವರನಿಗೆ ಬೆಳಗಿನ ಭೂಪಾಳ, ವಲ್ಮೀಕಲಿಂಗಕ್ಕೆ ಕಾಂಬೋಜಿ, ಸಿದ್ಧೇಶ್ವರನಿಗೆ ಲಾಲಿಯ ನೀಲಾಂಬರಿ. ಹೊರಡುವ ಮುನ್ನ ಇವನ್ನು ಕೇಳಿ, ಅಲ್ಲಿ ಆ ಸನ್ನಿಧಿಯ ಮುಂದೆ ನಿಲ್ಲುವುದು ಯಾವ ಗೈಡೂ ಮಾಡಿಸಲಾಗದ ಪರಿಚಯ.

ನೀಲೋತ್ಪಲಾಂಬೆಯ ಸನ್ನಿಧಿಯಲ್ಲಿ ಆತುರ ಬೇಡ. ದೇವಿಯ ಪಕ್ಕದಲ್ಲಿ ಸಖಿಯೊಬ್ಬಳು ಮಗು ಸ್ಕಂದನನ್ನು ಎತ್ತಿಕೊಂಡಿದ್ದಾಳೆ. ದೇವಿಯ ಎಡಗೈ ಮಗುವಿನ ತಲೆಯ ಮೇಲಿದೆ. ಕೈತುಂಬ ಕೆಲಸವಿರುವ ಮನೆಯೊಡತಿ ಹಾದುಹೋಗುತ್ತ ಕೂಸಿನ ತಲೆ ಸವರಿದಂತೆ. ಇವಳ ಮೇಲೆ ದೀಕ್ಷಿತರು ಎಂಟು ವಿಭಕ್ತಿಗಳಲ್ಲಿ ಎಂಟು ಕೃತಿ ಮಾಡಿದರು, ರಾಗಗಳೆಲ್ಲ ಗೌಳಗಳೇ: ರೀತಿಗೌಳ, ನಾರಾಯಣಗೌಳ, ಕೇದಾರಗೌಳ, ನಡುವೆ ನಮ್ಮ ಕನ್ನಡಗೌಳವೂ ಒಂದು. ಹೊರ ಪ್ರಾಕಾರದ ಕಮಲಾಂಬೆ ಇದಕ್ಕೆ ಪೂರ್ತಿ ಎದುರು. ಕಾಲು ಮಡಿಸಿ ಯೋಗದಲ್ಲಿ ಕೂತವಳು. ನವರಾತ್ರಿಯಲ್ಲಿ ಬೆಂಗಳೂರು, ಮೈಸೂರುಗಳ ಮನೆಗಳಲ್ಲೂ ಹಾಡುವ ನವಾವರಣ ಕೃತಿಗಳು ಇವಳವು.

ಬಾದಾಮಿಯ ಕಡೆಯವರು ವಾತಾಪಿ ಗಣಪತಿಯನ್ನು ಕೇಳಿಯೇ ಕೇಳುತ್ತಾರೆ. ಪಲ್ಲವರು 642ರಲ್ಲಿ ವಾತಾಪಿಯನ್ನು ಗೆದ್ದಾಗ ಸೇನಾನಿ ಪರಂಜೋತಿ ಒಂದು ಗಣಪನನ್ನು ಹೊತ್ತು ತಂದ ಎಂಬ ಐತಿಹ್ಯ ಹತ್ತಿರದ ತಿರುಚ್ಚೆಂಗಾಟ್ಟಂಗುಡಿಯದು. ತಿರುವಾರೂರಿನ ಗುಡಿಯಲ್ಲೂ ಆ ಹೆಸರಿನ ಗಣಪನಿದ್ದಾನೆ. ಗೆದ್ದ ದಾಖಲೆಯಿದೆ, ಗಣಪನನ್ನು ತಂದದ್ದು ನಂಬಿಕೆ. ಎರಡನ್ನೂ ಕಲಸದೆ, ಆ ಗಣಪನ ಮೇಲೆ ದೀಕ್ಷಿತರು ಹಂಸಧ್ವನಿಯಲ್ಲಿ ಮಾಡಿದ ಕೃತಿ ಕೇಳಿದರಾಯಿತು. ಆ ರಾಗವನ್ನು ರೂಪಿಸಿದವರು ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರೇ ಎನ್ನುತ್ತಾರೆ.

ಮರುದಿನ ಬೆಳಗಿನ ಬೆಳಕನ್ನು ಎರಡಕ್ಕೆ ಮೀಸಲಿಡಬೇಕು. ಒಂದು, ಗೋಡೆಯ ಅಕ್ಷರ. ಚೋಳರ ರಾಣಿ ಸೆಂಬಿಯನ್ ಮಹಾದೇವಿ ಹತ್ತನೆಯ ಶತಮಾನದಲ್ಲಿ ಕಲ್ಲಿನಲ್ಲಿ ಕಟ್ಟಿಸಿದ ಅಚಲೇಶ್ವರ ಗುಡಿ ಪ್ರಾಕಾರದೊಳಗೇ ಇದೆ, ಚಿಕ್ಕದು, ಜನವಿರಳ. ರಾಜೇಂದ್ರ ಚೋಳನ ಕಾಲದ ಶಾಸನವೊಂದರಲ್ಲಿ ಅನುಕ್ಕಿ ಪರವೈ ನಂಗೈ ಎಂಬಾಕೆಯ ಹೆಸರಿದೆ. ತ್ಯಾಗರಾಜನ ಗುಡಿಗೆ ಚಿನ್ನದ ಹೊದಿಕೆ ಹಾಕಿಸಿದವಳು. ಅರಸನೂ ಅವಳೂ ನಿಂತು ದರ್ಶನ ಮಾಡಿದ ಜಾಗದಲ್ಲಿ ಒಂದು ದೀಪ ಇರಿಸಿದ ವಿವರವನ್ನೂ ಕಲ್ಲಿನಲ್ಲಿ ಬರೆದಿದ್ದಾರೆ. ಯುದ್ಧ, ಬಿರುದು, ಭೂದಾನಗಳೇ ತುಂಬಿದ ಚೋಳ ಶಾಸನಗಳ ನಡುವೆ ಇಂಥ ಸಾಲು ಸಿಗುವುದು ಅಪರೂಪ.

ಎರಡನೆಯದು ದೇವಾಶಿರಿಯ ಮಂಟಪದ ಮಾಳಿಗೆಯ ಚಿತ್ರ. ಅರವತ್ತುಮೂವರು ಪುರಾತನರ ಮೊದಲ ಪಟ್ಟಿಯನ್ನು ನಂಬಿಯಣ್ಣ ಹಾಡಿದ್ದು ಇಲ್ಲಿ ನೆರೆದ ಭಕ್ತರನ್ನು ಕಂಡೇ ಎಂಬುದು ಪ್ರತೀತಿ. ಚಿತ್ರಗಳು 17ನೆಯ ಶತಮಾನದ ಕೊನೆಯ ಹೊತ್ತಿನವು. ಕೋತಿಮುಖದ ಅರಸ ಮುಚುಕುಂದ ಇಂದ್ರನಿಂದ ತ್ಯಾಗರಾಜನನ್ನು ಭೂಮಿಗೆ ತಂದ ಕಥೆ ಪಟ್ಟಿಪಟ್ಟಿಯಾಗಿ, ತಮಿಳು ಅಡಿಬರಹದ ಸಮೇತ ಓಡುತ್ತದೆ; ಮೆರವಣಿಗೆ, ಕುಣಿತ, ಬಾಣಬಿರುಸು ಎಲ್ಲ ಇವೆ. ಚಿತ್ರಕಾರ ಸಿಂಗಾದನಂ ತನ್ನ ಹೆಸರನ್ನೂ ಬರೆದಿಟ್ಟಿದ್ದಾನೆ. ಕತ್ತು ನೋಯುತ್ತದೆ. ಬಾಗಿಲು ಮುಚ್ಚಿದ್ದರೆ ಆಫೀಸಿನಲ್ಲಿ ಮರ್ಯಾದೆಯಿಂದ ಕೇಳಬೇಕು. ಗದರಿ ಕೇಳಿದವರಿಗೆ ಬೀಗದ ಕೈ ಸಿಗುವುದಿಲ್ಲ.

ತೇರಿನ ದಿನವೇ ಹೋಗಬೇಕೆನ್ನುವವರು ಮಾರ್ಚ್–ಏಪ್ರಿಲ್‌ನಲ್ಲಿ ಬರುವ ಪಂಗುನಿ ಮಾಸದ ಸುದ್ದಿ ನೋಡುತ್ತಿರಬೇಕು. ಕೆಲವು ವರ್ಷ ದಿನ ಆಚೀಚೆ ಆದದ್ದುಂಟು. ಆಗ ಊರಲ್ಲಿ ರೂಮು ಸಿಗುವುದು ಕಷ್ಟ.

ಮುಚುಕುಂದನಿಗೆ ಇಂದ್ರ ಕೊಟ್ಟದ್ದು ಒಂದಲ್ಲ, ಏಳು ಮೂರ್ತಿ. ಉಳಿದ ಆರು ನಾಗಪಟ್ಟಣ, ತಿರುನಳ್ಳಾರು, ತಿರುಕ್ಕಾರವಾಸಲ್, ತಿರುಕ್ಕುವಳೈ, ತಿರುವಾಯ್ಮೂರು, ವೇದಾರಣ್ಯಗಳಲ್ಲಿವೆ. ಪ್ರತಿ ಊರಿನ ತ್ಯಾಗರಾಜನಿಗೂ ಬೇರೆಯದೇ ಕುಣಿತ: ಒಂದು ಕಡೆ ದುಂಬಿಯದು, ಒಂದು ಕಡೆ ಹುಂಜದ್ದು, ತಿರುನಳ್ಳಾರಿನಲ್ಲಿ ಹುಚ್ಚನದು. ಏಳನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆನ್ನುವ ಕಾರಿನವರು ಸಿಗುತ್ತಾರೆ, ಹತ್ತಬಾರದು. ಮರುದಿನಕ್ಕೆ ನಾಗಪಟ್ಟಣವೊಂದೇ ಸಾಕು. ಬಸ್ಸೂ ಇದೆ, ರೈಲೂ ಇದೆ. ಅಲ್ಲಿಯ ಶಿವನ ಕುಣಿತ ಕಡಲ ಅಲೆಯದ್ದು. ಅಲ್ಲಿಗೂ ಸಂಜೆ ನಾಲ್ಕರ ನಂತರವೇ ಹೋಗುವುದು ವಾಸಿ.