‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸಮಗ್ರ ಪ್ರತಿಯ ವಿಚಾರ

ಓಲೆಗರಿಯ ಕಟ್ಟಿನಲ್ಲಿ ನಡುವಣ ಕೆಲವು ಗರಿಗಳು ಲುಪ್ತವಾಗಿದ್ದರೆ, ಆ ಸಂಗತಿಯನ್ನು ಪೀಠಿಕೆಯಲ್ಲಿ ತಿಳಿಸದೆ ಗ್ರಂಥವನ್ನು ಅಚ್ಚಿಗೆ ಕೊಡುವ ಸಂಪಾದಕನಿಲ್ಲ. ಗ್ರಂಥಪಾತವಾದೆಡೆಯಲ್ಲಿ ಚುಕ್ಕೆಗಳನ್ನಿಟ್ಟು ಓದುಗನನ್ನು ಎಚ್ಚರಿಸುವುದು ನಮ್ಮಲ್ಲಿ ರೂಢಿಯಾಗಿರುವ ಮರ್ಯಾದೆ. ಪಂಪಭಾರತವು 1898ರಲ್ಲಿ ರೈಸರ ಸಂಪಾದಕತ್ವದಲ್ಲಿ ಹೊರಬಂದ ಬಳಿಕ, 1931ರಲ್ಲಿ ಸಾಹಿತ್ಯ ಪರಿಷತ್ತು ಅದನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿತು. ಮೊದಲ ಮುದ್ರಣದಿಂದಲೇ ಕೆಲಸ ಮುಗಿಯಿತೆಂದು ಯಾರೂ ಭಾವಿಸಲಿಲ್ಲ. ಆದರೆ ದೂರದರ್ಶನದ ಧಾರಾವಾಹಿಗಳು ಕ್ಯಾಸೆಟ್ಟಾಗಿಯೋ ಡಿವಿಡಿಯಾಗಿಯೋ ಮನೆಗಳಿಗೆ ಬಂದಾಗ ಈ ಮರ್ಯಾದೆಯನ್ನು ಪಾಲಿಸಿದವರು ವಿರಳ. ಹತ್ತು ಕಂತು ದೊರೆತರೆ ಹತ್ತು, ಇಪ್ಪತ್ತು ದೊರೆತರೆ ಇಪ್ಪತ್ತು; ಉಳಿದುದು ಎಲ್ಲಿ ಹೋಯಿತೆಂಬ ಪ್ರಶ್ನೆ ಪೆಟ್ಟಿಗೆಯ ಮೇಲೆ ಅಚ್ಚಾಗುವುದಿಲ್ಲ. ಅಂತಹ ಪ್ರತಿಯನ್ನೇ ಇಡಿಯ ಕೃತಿಯೆಂದು ತಿಳಿದು ನೋಡುವವನು ನಿರ್ದೇಶಕನ ವಿಷಯದಲ್ಲಿ ತೀರ್ಪನ್ನೂ ಕೊಡುತ್ತಾನೆ. ಆ ತೀರ್ಪಿಗೆ ಎಷ್ಟು ಬೆಲೆಯೆಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಕೊರತೆಯಲ್ಲಿ ಎರಡು ಬಗೆಗಳುಂಟು. ಮೊದಲನೆಯದು ನಾಶ. ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯು 1960 ಮತ್ತು 70ರ ದಶಕಗಳಲ್ಲಿ ತನ್ನ ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ಅದರಿಂದಾಗಿ ‘ಡಾಕ್ಟರ್ ಹೂ’ ಎಂಬ ಪ್ರಖ್ಯಾತ ಧಾರಾವಾಹಿಯ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇಂದಿಗೂ ಸಿಕ್ಕಿಲ್ಲ. ಇದು ರನ್ನನ ಪರಶುರಾಮಚರಿತಕ್ಕೆ ಒದಗಿದ ಗತಿ: ಹೆಸರು ಮಾತ್ರ ಉಳಿದಿದೆ. ಎರಡನೆಯದು ಅರ್ಧಕ್ಕೆ ನಿಂತ ಪ್ರಕಟಣೆ. ಅಮೆರಿಕದ ‘ಹಿಲ್ ಸ್ಟ್ರೀಟ್ ಬ್ಲೂಸ್’ ಧಾರಾವಾಹಿಯ ಏಳು ವರ್ಷಗಳ ಕಂತುಗಳಲ್ಲಿ ಮೊದಲೆರಡು ವರ್ಷದವು 2006ರಲ್ಲಿ ಡಿವಿಡಿಯಾಗಿ ಬಂದವು. ಇಡಿಯ ಧಾರಾವಾಹಿ ಒಂದೆಡೆ ದೊರೆಯಲು 2014ರವರೆಗೆ ಕಾಯಬೇಕಾಯಿತು, ಅದೂ ಬೇರೊಂದು ಸಂಸ್ಥೆಯ ಕೈಯಿಂದ. ‘ಸೇಂಟ್ ಎಲ್ಸ್‌ವೇರ್’ ಎಂಬ, ಆಸ್ಪತ್ರೆಯ ಕಥೆಯುಳ್ಳ ಧಾರಾವಾಹಿಗೆ ಡಿವಿಡಿಯಲ್ಲಿ ಮೊದಲನೆಯ ವರ್ಷದ ಭಾಗ್ಯವಷ್ಟೇ ದೊರೆಯಿತು. ಮಾರಾಟ ಕುಗ್ಗುವುದು, ಹಾಡುಗಳ ಹಕ್ಕಿಗೆ ಮತ್ತೆ ಹಣ ತೆರಬೇಕಾಗುವುದು, ಒಡೆತನ ಕೈ ಬದಲಾಯಿಸುವುದು, ಇವೇ ಇಂತಹ ನಿಲುಗಡೆಗೆ ಸಾಮಾನ್ಯವಾದ ಕಾರಣಗಳು. ನಾಶವಾದುದಕ್ಕೆ ಶೋಕಿಸಬಹುದು, ಪೆಟ್ಟಿಗೆಯೊಳಗಿದ್ದೂ ಹೊರಬಾರದಿರುವುದಕ್ಕೆ ಶೋಕವು ಸಾಲದು, ಪ್ರಯತ್ನ ಬೇಕು.

ಕನ್ನಡನಾಡಿನಲ್ಲಿ ಈ ಪ್ರಶ್ನೆ ಎಲ್ಲಕ್ಕಿಂತ ಮೊದಲು ಏಳುವುದು ‘ಮಾಲ್ಗುಡಿ ಡೇಸ್’ ವಿಷಯದಲ್ಲಿ. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರ ಇಂಗ್ಲಿಷ್ ಕಥೆಗಳನ್ನು ಆಧರಿಸಿ, ಟಿ. ಎಸ್. ನರಸಿಂಹನ್ನರ ನಿರ್ಮಾಣದಲ್ಲಿ ಶಂಕರನಾಗರು 1986ರ ಸುಮಾರಿನಲ್ಲಿ ದೂರದರ್ಶನಕ್ಕಾಗಿ ರಚಿಸಿದ ಧಾರಾವಾಹಿಯಿದು. ಎಸ್. ರಾಮಚಂದ್ರರ ಛಾಯಾಗ್ರಹಣ, ಎಲ್. ವೈದ್ಯನಾಥನ್ನರ ಸಂಗೀತ, ಕಥೆಗಾರರ ತಮ್ಮಂದಿರಾದ ಆರ್. ಕೆ. ಲಕ್ಷ್ಮಣರ ರೇಖಾಚಿತ್ರ, ಜಾನ್ ದೇವರಾಜರ ಕಲಾನಿರ್ದೇಶನ ಇವೆಲ್ಲ ಅದರಲ್ಲಿ ಕೂಡಿದುವು. ಚಿತ್ರೀಕರಣದ ಮುಖ್ಯಸ್ಥಳ ಶಿವಮೊಗ್ಗ ಜಿಲ್ಲೆಯ ಆಗುಂಬೆ. ಮಾಲ್ಗುಡಿಯ ರೈಲುನಿಲ್ದಾಣವಾಗಿ ಕಾಣಿಸಿಕೊಂಡದ್ದು ಶಿವಮೊಗ್ಗದಿಂದ ತಾಳಗುಪ್ಪದ ಕಡೆಗೆ ಹೋಗುವ ದಾರಿಯ ಅರಸಾಳು. ಕಂತೊಂದರ ಉದ್ದ ಇಪ್ಪತ್ತೆರಡು ನಿಮಿಷದಷ್ಟು. ನಾರಾಯಣರ ಕಲ್ಪಿತ ಊರು ತಮಿಳುನಾಡಿನದೋ ಮೈಸೂರು ಸೀಮೆಯದೋ ಎಂಬ ಹಳೆಯ ಚರ್ಚೆಗೆ ಶಂಕರನಾಗರು ಉತ್ತರ ಕೊಡಹೋಗಲಿಲ್ಲ. ಮಲೆನಾಡಿನ ಮಳೆಯನ್ನೂ ಹೆಂಚಿನ ಮಾಡುಗಳನ್ನೂ ಅದರ ಮೇಲೆ ಹೊದಿಸಿಬಿಟ್ಟರು. ಇಂದು ಕಥೆಗಳನ್ನು ಓದುವವನ ಕಣ್ಣಿನ ಮುಂದೆ ಸರಯೂ ನದಿಯು ಮಲೆನಾಡಿನ ಹೊಳೆಯಂತೆ ಹರಿಯುವುದಾದರೆ ಅದು ಈ ಧಾರಾವಾಹಿಯ ಪ್ರಭಾವ.

ಇದರ ಸಮಗ್ರತೆ ಎಂದರೆ ಯಾವುದು? ಶಂಕರನಾಗರ ನಿರ್ದೇಶನದ ಕಂತುಗಳು ಮೂವತ್ತೊಂಬತ್ತು. ಅವುಗಳಲ್ಲಿ ಹದಿಮೂರು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ತಯಾರಾದುವು, ಉಳಿದುವು ಹಿಂದಿಯಲ್ಲಿ. ಸ್ವಾಮಿಯ ಕಥಾಭಾಗವನ್ನು ಆಯ್ದು ಜೋಡಿಸಿ 1987ರಲ್ಲಿ ‘ಸ್ವಾಮಿ’ ಎಂಬ ಚಲನಚಿತ್ರವೂ ಆಯಿತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೀಡಾಗಿ ಶಂಕರನಾಗರು ತೀರಿಕೊಂಡರು. ಹದಿನಾರು ವರ್ಷಗಳ ತರುವಾಯ, 2006ರಲ್ಲಿ, ಕವಿತಾ ಲಂಕೇಶರ ನಿರ್ದೇಶನದಲ್ಲಿ ಹದಿನೈದು ಹೊಸ ಕಂತುಗಳು ಪ್ರಸಾರವಾದುವು. ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದರೆ ಐವತ್ತನಾಲ್ಕು. ಹೀಗಿರುವಲ್ಲಿ ಒಂದು ಪೆಟ್ಟಿಗೆಯ ಮೇಲೆ ‘ಸಮಗ್ರ’ವೆಂದು ಬರೆದಿದ್ದರೆ ಮೂವತ್ತೊಂಬತ್ತೋ, ಐವತ್ತನಾಲ್ಕೋ, ಇಂಗ್ಲಿಷಿನ ಹದಿಮೂರೂ ಸೇರಿದ ಮೊತ್ತವೋ ಎಂದು ಕೇಳುವುದು ವ್ಯರ್ಥಪ್ರಶ್ನೆಯಾಗದು.

ಕನ್ನಡ ವಿದ್ವಾಂಸರಿಗೆ ಈ ಸನ್ನಿವೇಶ ಅಪರಿಚಿತವಲ್ಲ. ಕುಮಾರವ್ಯಾಸನು ಹತ್ತು ಪರ್ವಗಳನ್ನು ಬರೆದು ನಿಲ್ಲಿಸಿದನು; ಉಳಿದ ಪರ್ವಗಳನ್ನು ತಿಮ್ಮಣ್ಣ ಕವಿಯು ಕೃಷ್ಣದೇವರಾಯನ ಆಶ್ರಯದಲ್ಲಿ ಪೂರೈಸಿದನು. ಜಿನಸೇನರ ಮಹಾಪುರಾಣವನ್ನು ಗುಣಭದ್ರರು ಮುಗಿಸಿದರು. ಹೀಗೆ ಮುಂದುವರಿಸಿದವರನ್ನು ನಮ್ಮ ಪರಂಪರೆ ಗೌರವಿಸಿದೆ, ಆದರೆ ಒಬ್ಬನ ಕೃತಿಯನ್ನು ಇನ್ನೊಬ್ಬನ ಹೆಸರಿನಲ್ಲಿ ಕರೆದಿಲ್ಲ. ಇದೇ ನ್ಯಾಯವನ್ನು ಇಲ್ಲಿಯೂ ಅನ್ವಯಿಸಬೇಕು. 2006ರ ಹದಿನೈದು ಕಂತುಗಳು ಬೇರೊಬ್ಬ ನಿರ್ದೇಶಕಿಯ, ಬೇರೊಂದು ಕಾಲದ ಕೃತಿ. ಅವನ್ನು ಕೈಬಿಡುವುದೂ ತಪ್ಪು, ಗುರುತಿಲ್ಲದಂತೆ ಮೊದಲಿನವುಗಳೊಡನೆ ಬೆರೆಸುವುದೂ ತಪ್ಪು. ‘ಸ್ವಾಮಿ’ ಚಲನಚಿತ್ರವಾದರೋ ಸಂಗ್ರಹಕಾವ್ಯದ ಜಾತಿಯದು. ಅದನ್ನು ಮೂಲಕ್ಕೆ ಬದಲಾಗಿ ಇಡಲಾಗದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಮಾಲ್ಗುಡಿಯ ಕಂತುಗಳು ಬಹುಮಟ್ಟಿಗೆ ಬಿಡಿಕಥೆಗಳು. ಒಂದು ಇಲ್ಲದಿದ್ದರೆ ಇನ್ನೊಂದಕ್ಕೆ ಕುಂದೇನು ಎಂದು ಕೇಳಬಹುದು. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳೂ ಬಿಡಿಯಾದುವೇ. ಆದರೂ ಸುಕುಮಾರಸ್ವಾಮಿಯ ಕಥೆಯೊಂದೇ ಅಚ್ಚಾಗಿ, ಮಿಕ್ಕುವು ಕಪಾಟಿನಲ್ಲಿ ಉಳಿದಿದ್ದರೆ, ಆ ಗ್ರಂಥಕರ್ತನ ಗದ್ಯದ ಹರಹನ್ನಾಗಲಿ ವೈರಾಗ್ಯದ ನಾನಾ ಮುಖಗಳನ್ನಾಗಲಿ ಯಾರು ಅರಿಯಬಲ್ಲವರಾಗಿದ್ದರು? ಬಿಡಿಕಥೆಗಳ ಸಂಕಲನದಲ್ಲಿ ಅರ್ಥವು ಕಥೆಯೊಳಗೆ ಇರುವಷ್ಟೇ ಕಥೆಗಳ ನಡುವಣ ಪ್ರಮಾಣದಲ್ಲಿಯೂ ಇರುತ್ತದೆ.

ಈ ಪ್ರಮಾಣ ತಪ್ಪಿದುದರ ಫಲವನ್ನು ಮಾಲ್ಗುಡಿಯ ವಿಷಯದಲ್ಲಿ ಸ್ಪಷ್ಟವಾಗಿ ಕಾಣಬಹುದು. ಧಾರಾವಾಹಿಯ ಹೆಸರನ್ನೆತ್ತಿದೊಡನೆ ಜನರ ನೆನಪಿಗೆ ಬರುವವನು ಸ್ವಾಮಿ. ಮಾಸ್ಟರ್ ಮಂಜುನಾಥನ ಆ ಮುಖ, ಗಿರೀಶ ಕಾರ್ನಾಡರು ಅಭಿನಯಿಸಿದ ಬಿಗಿಯಾದ ತಂದೆ, ವೈಶಾಲಿ ಕಾಸರವಳ್ಳಿಯವರ ತಾಯಿ. ನಾರಾಯಣರು 1935ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿಯ ಈ ಭಾಗ ಅಷ್ಟು ಪ್ರೀತಿಗೆ ಪಾತ್ರವಾದುದು ನ್ಯಾಯವೇ. ಚಲನಚಿತ್ರವೂ ಅದನ್ನೇ ಎತ್ತಿ ಹಿಡಿಯಿತು. ಅದರಿಂದ ಮಾಲ್ಗುಡಿಯೆಂದರೆ ಬಾಲ್ಯದ ನೆನಪು, ಕಳೆದುಹೋದ ಒಳ್ಳೆಯ ಕಾಲ ಎಂಬ ಸುಲಭವಾದ ಅಭಿಪ್ರಾಯ ಬೇರೂರಿತು. ಈ ಅಭಿಪ್ರಾಯ ಕೃತಿಗೆ ಒಪ್ಪುವುದಿಲ್ಲ.

‘ತಿಂಗಳಿಗೆ ನಲವತ್ತೈದು ರೂಪಾಯಿ’ಯ ಕಂತನ್ನು ನೋಡಬೇಕು. ವಿಷ್ಣುವರ್ಧನರು ಅದರ ಗುಮಾಸ್ತ ವೆಂಕಟರಾಯರು. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟವನನ್ನು ಕಚೇರಿ ಬಿಡುವುದಿಲ್ಲ. ಮೂಲಕಥೆಯಲ್ಲಿ ಅವನು ರೋಷದಿಂದ ರಾಜೀನಾಮೆಯನ್ನು ಬರೆಯುತ್ತಾನೆ. ಸಂಬಳಕ್ಕೆ ಐದು ರೂಪಾಯಿ ಏರಿತೆಂದು ಕೇಳಿದೊಡನೆ ಆ ಕಾಗದವನ್ನು ಅಡಗಿಸುತ್ತಾನೆ. ಮನೆಗೆ ಬರುವಷ್ಟರಲ್ಲಿ ಮಗು ಹೊಸ ಉಡುಪಿನಲ್ಲಿಯೇ ನಿದ್ದೆ ಹೋಗಿದೆ. ಇಲ್ಲಿ ಖಳನಾರೂ ಇಲ್ಲ. ಐದು ರೂಪಾಯಿ ಇದೆ, ಅಷ್ಟೆ. ಸ್ವಾಮಿಯ ತಂದೆಯ ಗದರಿಕೆಯನ್ನು ಕಂಡು ನಕ್ಕ ನೋಡುಗನು ಈ ತಂದೆಯನ್ನೂ ಕಂಡನಾದರೆ, ಮೊದಲಿನ ನಗೆಯ ಬಣ್ಣವೇ ಬದಲಾಗುತ್ತದೆ. ಮಗುವಿನ ಕಣ್ಣಿನಿಂದ ನೋಡಿದ ಮನೆ, ತಂದೆಯ ಬೆನ್ನಿನ ಹಿಂದೆ ನಿಂತು ನೋಡಿದ ಮನೆ, ಎರಡೂ ಮಾಲ್ಗುಡಿಯಲ್ಲಿಯೇ ಇವೆ.

ಈ ಕಂತಿನ ಬೆಲೆ ಶಿವಮೊಗ್ಗ ಜಿಲ್ಲೆಯೊಳಗೇ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆಯಾಗಿ ತೋರುವ ಸಂಭವವುಂಟು. ಆಗುಂಬೆ ಹಳೆಯ ತೊಟ್ಟಿಮನೆಗಳ ಊರು. ಭದ್ರಾವತಿಯ ನ್ಯೂ ಟೌನಾದರೋ 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಹೊಸ ಊರು. ಅಲ್ಲಿ ಹಲವು ತಲೆಮಾರುಗಳು ಪಾಳಿಯ ಲೆಕ್ಕದಲ್ಲಿ ದಿನಗಳೆದಿವೆ; ಮಕ್ಕಳು ಮಲಗಿದ ಮೇಲೆ ಮನೆಗೆ ಬರುವ ತಂದೆ ಅಲ್ಲಿ ಕಥೆಯ ಪಾತ್ರವಲ್ಲ. ನ್ಯೂ ಟೌನಿನ ಶಾಲೆಯ ಅಧ್ಯಾಪಕರೊಬ್ಬರು ನಾರಾಯಣರನ್ನು ಪಾಠ ಹೇಳುವಾಗ ಧಾರಾವಾಹಿಯ ಒಂದೇ ಕಂತನ್ನು ತೋರಿಸಬೇಕಾದರೆ, ಸ್ವಾಮಿಗಿಂತ ಮೊದಲು ವೆಂಕಟರಾಯನನ್ನು ಹುಡುಕುವುದು ಯುಕ್ತ. ಕೈಯಲ್ಲಿರುವ ಪ್ರತಿ ಸ್ವಾಮಿಯ ಕಂತುಗಳಷ್ಟೇ ಉಳ್ಳದ್ದಾಗಿದ್ದರೆ ಅವರಿಗೆ ಸಿಕ್ಕಿರುವುದು ಆಗುಂಬೆಯ ಮಾಲ್ಗುಡಿ. ನ್ಯೂ ಟೌನಿನ ಮಾಲ್ಗುಡಿಯಲ್ಲ. ಅಪೂರ್ಣ ಪ್ರತಿಯಿಂದಾಗುವ ನಷ್ಟವನ್ನು ಕಂತುಗಳ ಸಂಖ್ಯೆಯಿಂದಷ್ಟೇ ಅಳೆಯಲಾಗದೆಂಬುದಕ್ಕೆ ಇದು ನಿದರ್ಶನ.

‘ಮಿಠಾಯಿವಾಲಾ’ ಕಂತುಗಳದು ಇನ್ನೊಂದು ತೂಕ. 1967ರ ಕಾದಂಬರಿಯನ್ನು ಆಧರಿಸಿದ ಈ ಭಾಗದಲ್ಲಿ ಅನಂತನಾಗರು ಜಗನ್ ಎಂಬ ಮುದಿ ಮಿಠಾಯಿ ವ್ಯಾಪಾರಿ. ಗಾಂಧೀಜಿಯ ಹೆಸರು ಹೇಳುತ್ತ ಸಕ್ಕರೆಯನ್ನು ಬಿಟ್ಟವನ ಜೀವನ ಸಾಗುವುದು ಸಕ್ಕರೆಯಿಂದ. ಅಮೆರಿಕದಿಂದ ಹಿಂದಿರುಗಿದ ಮಗನು ಕಥೆ ಬರೆಯುವ ಯಂತ್ರದ ವ್ಯಾಪಾರಕ್ಕೆ ಅಪ್ಪನ ಹಣವನ್ನು ಕೇಳುತ್ತಾನೆ. ತಂದೆಗೂ ಮಗನಿಗೂ ನಡುವೆ ಮಾತೇ ನಿಂತುಹೋಗುವ ಈ ಕಥೆಯು ಸ್ವಾಮಿಯ ಕಥೆಯ ಎದುರುಗನ್ನಡಿ. ಮೊದಲನೆಯದರಲ್ಲಿ ಮಗನಿಗೆ ತಂದೆ ಅರ್ಥವಾಗದು, ಇದರಲ್ಲಿ ತಂದೆಗೆ ಮಗನು ಅರ್ಥವಾಗನು. ಇವೆರಡನ್ನೂ ಕೈಗೆತ್ತಿಕೊಂಡ ಶಂಕರನಾಗರು ಹಳೆಯ ಕಾಲವನ್ನು ನೆನೆದು ಹಲುಬುವ ನಿರ್ದೇಶಕರಲ್ಲವೆಂಬುದು ಎರಡನ್ನೂ ಕಂಡವರಿಗೆ ಮಾತ್ರ ತಿಳಿಯುವ ಸಂಗತಿ.

ಭಾಷೆಯ ವಿಷಯದಲ್ಲಿ ಪಾಠಾಂತರವೇ ಉಂಟು. ಕನ್ನಡದ ನಟರು, ಕನ್ನಡದ ಮಳೆ, ಹಿಂದಿಯ ಮಾತು, ಇಂಗ್ಲಿಷಿನ ಮೂಲ. ಎರಡು ಭಾಷೆಗಳಲ್ಲಿಯೂ ಇರುವ ಹದಿಮೂರು ಕಂತುಗಳನ್ನು ಎದುರುಬದುರಾಗಿಟ್ಟು ನೋಡಿದರೆ, ನಾರಾಯಣರ ಇಂಗ್ಲಿಷು ಹಿಂದಿಗೆ ತಿರುಗುವಾಗ ಯಾವ ವ್ಯಂಗ್ಯ ಉಳಿಯಿತು, ಯಾವುದು ಸೋರಿತು ಎಂಬುದನ್ನು ಪರೀಕ್ಷಿಸಬಹುದು. ಭಾಷಾಂತರಶಾಸ್ತ್ರದ ವಿದ್ಯಾರ್ಥಿಗೆ ಇಷ್ಟು ಅನುಕೂಲವಾದ ಸಾಮಗ್ರಿ ಕನ್ನಡನಾಡಿನ ದೂರದರ್ಶನ ಕೃತಿಗಳಲ್ಲಿ ಬೇರೊಂದು ಇರುವಂತೆ ತೋರುವುದಿಲ್ಲ. ಒಂದೇ ಭಾಷೆಯ ಪ್ರತಿಯನ್ನು ಸಮಗ್ರವೆಂದು ಒಪ್ಪಿಕೊಂಡರೆ ಈ ಪರೀಕ್ಷೆಯ ಬಾಗಿಲೇ ಮುಚ್ಚಿದಂತೆ.

ಆದುದರಿಂದ ಮೊದಲು ಬೇಕಾದುದು ಹೊಸ ಪೆಟ್ಟಿಗೆಯಲ್ಲ, ಒಂದು ವಿವರಣಾತ್ಮಕ ಸೂಚಿ. ಮೈಸೂರಿನ ಪ್ರಾಚ್ಯಕೋಶಾಗಾರವು 1891ರಿಂದ ಮೊದಲ್ಗೊಂಡು ಓಲೆಗರಿಗಳಿಗೆ ಮಾಡಿದ ಉಪಕಾರವನ್ನು ಯಾವುದಾದರೊಂದು ವಿದ್ವತ್ಸಂಸ್ಥೆ ಈ ಟೇಪುಗಳಿಗೆ ಮಾಡಬೇಕು. ಪ್ರತಿಯೊಂದು ಕಂತಿನ ಹೆಸರು, ಮೂಲಕಥೆ ಮತ್ತು ಅದು ಅಚ್ಚಾದ ಸಂಕಲನ, ಭಾಷೆ, ಉದ್ದ, ಪಾತ್ರವರ್ಗ, ಪ್ರಸಾರದ ದಿನ, ಮೂಲಪ್ರತಿಯಿರುವ ಸ್ಥಳ, ಮನೆಯ ಪ್ರತಿಯಾಗಿ ಬಂದಿದೆಯೋ ಇಲ್ಲವೋ, ಬಂದಿದ್ದರೆ ಕತ್ತರಿ ಬಿದ್ದಿದೆಯೋ ಎಂಬ ವಿವರ ಅದರಲ್ಲಿರಬೇಕು. ಇಂತಹ ಸೂಚಿಯಿದ್ದರೆ ಮುಂದೆ ಯಾರು ಪ್ರಕಟಿಸಿದರೂ ಕೊರತೆಯನ್ನು ಮರೆಮಾಚಲಾಗದು.

ಈ ಕೆಲಸಕ್ಕೆ ಅವಧಿ ಬಹಳವಿಲ್ಲ. ನಾರಾಯಣರು 2001ರಲ್ಲಿಯೂ, ವೈದ್ಯನಾಥನ್ನರು 2007ರಲ್ಲಿಯೂ, ವೈಶಾಲಿ ಕಾಸರವಳ್ಳಿಯವರು 2010ರಲ್ಲಿಯೂ, ರಾಮಚಂದ್ರರು 2011ರಲ್ಲಿಯೂ, ಲಕ್ಷ್ಮಣರು 2015ರಲ್ಲಿಯೂ, ಕಾರ್ನಾಡರು 2019ರಲ್ಲಿಯೂ ಕಾಲವಾದರು. ಯಾವ ದೃಶ್ಯ ಯಾವ ಮನೆಯಲ್ಲಿ, ಯಾವ ಕ್ರಮದಲ್ಲಿ ಚಿತ್ರಿತವಾಯಿತು, ಇಂಗ್ಲಿಷ್ ಪಾಠ ಮೊದಲೋ ಹಿಂದಿಯ ಪಾಠ ಮೊದಲೋ ಎಂಬ ಪ್ರಶ್ನೆಗಳಿಗೆ ಬಾಯಿಂದ ಉತ್ತರ ಕೊಡಬಲ್ಲವರ ಸಂಖ್ಯೆ ವರ್ಷವರ್ಷಕ್ಕೂ ಕಡಿಮೆಯಾಗುತ್ತಿದೆ. ಅರಸಾಳಿನ ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ತೆರೆದಿದ್ದಾರೆ. ಕಟ್ಟಡಕ್ಕೆ ದೊರೆತ ಈ ಆರೈಕೆ ಅಲ್ಲಿ ರೈಲಿಳಿದ ಪಾತ್ರಗಳಿಗೂ ದೊರೆಯುವುದಾದರೆ, ಆ ಸಂಗ್ರಹಾಲಯದ ಒಂದು ಕೋಣೆಯಲ್ಲಿಯೇ ಸೂಚಿಯ ಕೆಲಸವನ್ನು ಆರಂಭಿಸಬಹುದು.